ಭಾವನ ಕಾಲಿನ ಸದ್ದು

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ನಡೆದದ್ದು ನಮ್ಮ ದೊಡ್ಡಪ್ಪನ ಮಗಳಿಗೆ, ನನ್ನ ಅಕ್ಕನಿಗೆ.

ಗಾರ್ಮೆಂಟ್ಸಿನ ಎರಡನೇ ಪಾಳಿ ಮುಗಿಸಿ ಬರುತ್ತಿದ್ದಳು. ಚಪ್ಪಲಿ ಕಿತ್ತುಹೋಗಿ ಕೈಯಲ್ಲಿತ್ತು. ಹಾಳುಬಾವಿಯ ಹತ್ತಿರ ಚರಕ್... ಮುಳ್ಳು. ನೋವು ತಿಳಿಯುವ ಮೊದಲೇ ಕಾಲು ತಾನಾಗಿ ಮೇಲೆದ್ದಿತ್ತು. ಅಷ್ಟಕ್ಕೇ ಭಾವನ ನೆನಪಾಗಿ, ಒಂಟಿಕಾಲಲ್ಲಿ ನಿಂತು ಅತ್ತಳಂತೆ.

ಭಾವ ಬಣ್ಣದ ಕೆಲಸದವರು. ಎರಡನೇ ಮಹಡಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಒಂದು ರಾತ್ರಿ ಅವರನ್ನು ಮಂಚದ ಅಂಚಿಗೆ ಕೂರಿಸುವಾಗ ಅಕ್ಕನ ಕೈ ಮಂಡಿಯ ಕೆಳಗೆ ಬಡಿಯಿತು. ಕಾಲು ಮುಂದಕ್ಕೆ ಚಿಮ್ಮಿ, ಹಿಂದೆ ಬಂದು, ಹಿಮ್ಮಡಿ ಮಂಚದಡಿಯ ತಗಡಿನ ಪೆಟ್ಟಿಗೆಗೆ ತಾಗಿತು. ಢಣ್! "ಕಾಲು ಬಂತು!" ಅಂತ ಬೀದಿಗೆಲ್ಲ ಸಾರಿಬಿಟ್ಟಳು, ಪಾಪ.

ಮಾರನೇ ದಿನ ಡಾಕ್ಟರ್ ಹೇಳಿದರು, "ಅವರು ಒದ್ದದ್ದಲ್ಲಮ್ಮ ಅದು. ಮಂಡಿಯ ಸುದ್ದಿ ನರದಲ್ಲಿ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ಥಟ್ಟಂತ ವಾಪಸ್ ಬರುತ್ತೆ. ಮೆದುಳಿನ ಅಪ್ಪಣೆ ಕಾಲಿಗೆ ಬರೋ ದಾರಿ ತುಂಡಾಗಿದೆ."

ಆದರೂ ದಿನಾ ಮಲಗುವ ಮುಂಚೆ ತಟ್ಟುತ್ತಿದ್ದಳು. ತಟ್ಟಿದ ತಕ್ಷಣ... ಢಣ್.

"ನಿಮ್ಮ ಕಾಲಿಗಾದ್ರೂ ನನ್ನ ಮೇಲೆ ಪ್ರೀತಿ ಇದೆ ರೀ," ಅಂತ ಛೇಡಿಸುತ್ತಿದ್ದಳು.

ಭಾವ ನಗುತ್ತಿರಲಿಲ್ಲ. "ಒಂದೇ ಒಂದ್ಸಲ ನಾನಾಗೇ ಒದೀಬೇಕು ಕಣೇ..."

ಆ ಆಸೆ ಹಾಗೇ ಉಳಿಯಿತು. ಜ್ವರ ಬಂದದ್ದೇ ನೆಪ, ಹೋಗಿಬಿಟ್ಟರು.

ಮುಳ್ಳು ಚುಚ್ಚಿತು ಅಂದೆನಲ್ಲ, ಆ ರಾತ್ರಿ ಅಕ್ಕ ಕುಂಟುತ್ತ ಮನೆಗೆ ಬಂದು, ಲೈಟೂ ಹಾಕದೆ ಮಂಚದ ಮೇಲೆ ಕೂತಳು. ಅಭ್ಯಾಸ ನೋಡಿ, ಕೈ ಹಾಸಿಗೆಯ ಅಂಚನ್ನು ತಟ್ಟಿತು. ಏನಿಲ್ಲ... ಗೋಡೆ ಗಡಿಯಾರ ಮಾತ್ರ. ಟಿಕ್... ಟಿಕ್...

"ರೀ," ಅಂತ ಪಿಸುಗುಟ್ಟಿದಳು. "ಈಗಾದ್ರೂ... ನೀವಾಗೇ..."

ತಕ್ಷಣ ಬರಲಿಲ್ಲ. ಅತ್ತು, ಮೂಗು ಒರೆಸಿಕೊಂಡು, ಗೋಡೆ ಕಡೆ ಮಗ್ಗುಲಾದಳು. ಕಣ್ಣಿಗೆ ಜೋಂಪು ಹತ್ತುವ ಹೊತ್ತು... ನಿಧಾನವಾಗಿ, ಯಾರೋ ತುಂಬಾ ಕಷ್ಟಪಟ್ಟು ಕಾಲೆತ್ತಿ ಬಿಟ್ಟ ಹಾಗೆ... ಢಣ್.

ಒಂದೇ ಸಲ. ಮತ್ತೆ ಯಾವತ್ತೂ ಇಲ್ಲ.

"ತಟ್ಟಿದ್ದಕ್ಕೆ ಬಂದದ್ದಲ್ಲ ಕಣೋ. ಅವರೇ ಒದ್ದದ್ದು," ಅಂತ ಈಗಲೂ ನನ್ನ ಕೈ ಹಿಡಿದು ಅಳುತ್ತಾಳೆ. ನನಗೂ ಅಳು ಬರುತ್ತೆ, ಸುಳ್ಳು ಯಾಕೆ ಹೇಳಲಿ.

ಆದರೆ ಆ ಪೆಟ್ಟಿಗೆ ಅವತ್ತು ಮಂಚದಡಿ ಇರಲೇ ಇಲ್ಲ. ಭಾವ ಹೋದ ವಾರವೇ ಅವಳೇ ನನ್ನ ತಲೆ ಮೇಲೆ ಹೊರಿಸಿ ಕಳಿಸಿದ್ದಳು. ನಮ್ಮ ಮನೆಯಲ್ಲೇ ಇದೆ, ಬೇಕಾದರೆ ಬಂದು ನೋಡಿ.