ಹೂಂ ಅಂದರೆ ಹಾರುವ ರಾಗಿಕಲ್ಲು

ಈ ಪುಸ್ತಕ ಬಿಡುಗಡೆಯ ಸಂಜೆ ವೇದಿಕೆಯನ್ನೂ, ಅದಕ್ಕಿಂತ ಹೆಚ್ಚಾಗಿ ಕುರ್ಚಿಯನ್ನೂ ತುಂಬಿರುವ ಅಧ್ಯಕ್ಷರಾದ ರೇವಣಸಿದ್ದಪ್ಪನವರೇ, ನನ್ನ ಮೇಲೆ ಕಾಗದ, ಮಸಿ, ತಾಳ್ಮೆ ಎಲ್ಲವನ್ನೂ ಖರ್ಚು ಮಾಡಿದ ಪ್ರಕಾಶಕ ಗುರುಬಸಪ್ಪನವರೇ, ಉಪ್ಪಿಟ್ಟು ಭಾಷಣದ ನಂತರವೇ ಎಂದು ತಿಳಿದೂ ಕದಲದೆ ಕೂತಿರುವ ಜಯನಗರದ ಧೀರ ಸಭಿಕರೇ,

ನನ್ನ ಕಾದಂಬರಿ ‘ರೋಹಿಣಿಗೆ ಹೊರಟ ರಾಗಿಕಲ್ಲು’ ನಡೆಯುವುದು ಎರಡು ಸಾವಿರದ ಅರವತ್ತನಾಲ್ಕನೆಯ ಇಸವಿಯಲ್ಲಿ, ಈ ಸಾವಿರದ ಒಂಬೈನೂರ ಅರವತ್ತನಾಲ್ಕರಿಂದ ಸರಿಯಾಗಿ ನೂರು ವರ್ಷಕ್ಕೆ. ಆ ಹೊತ್ತಿಗೆ ಜಯನಗರದ ರಸ್ತೆಗಳಿಗೆಲ್ಲ ಡಾಂಬರು ಬಿದ್ದಿರುತ್ತದೆ. ಮಂತ್ರ ತಂತ್ರ ಏನಾದರೂ ಇರಲಿ, ಇದೊಂದನ್ನು ಮಾತ್ರ ಜನ ನಂಬಲಾರರು ಎಂದು ಅಧ್ಯಕ್ಷರು ಆಗಲೇ ಎಚ್ಚರಿಸಿದ್ದಾರೆ.

ಕಥೆ ಇಷ್ಟೇ. ಒಬ್ಬಳೇ ಹೆಂಗಸು ರಾಗಿಕಲ್ಲಿನ ಮೇಲೆ ಕೂತು ರೋಹಿಣಿ ನಕ್ಷತ್ರಕ್ಕೆ ಹೊರಡುತ್ತಾಳೆ. ಅಡಿಗಲ್ಲಿನಲ್ಲಿ ಅಣುಶಕ್ತಿ, ಮೇಲುಗಲ್ಲಿನಲ್ಲಿ ಮಂತ್ರಶಕ್ತಿ. ಅವಳು ವೈರ್‌ಲೆಸ್ಸಿನಲ್ಲಿ ಕಥೆ ಹೇಳುತ್ತಿರಬೇಕು, ಭೂಮಿಯಿಂದ ಯಾರಾದರೂ ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ಕಲ್ಲು ನಿಲ್ಲುತ್ತದೆ. ಇದು ಯಾವ ವಿಜ್ಞಾನ ಎಂದು ಕಾಲೇಜಿನ ಮಿತ್ರರು ಕೇಳಿದ್ದಾರೆ. ನಮ್ಮೂರು ಬಿಳೇಕಹಳ್ಳಿಯ ವಿಜ್ಞಾನ, ಸ್ವಾಮಿ.

ನನಗೆ ತಾಯಿ ಇರಲಿಲ್ಲ. ಅಕ್ಕ ಬೈರಮ್ಮ ನಸುಕಿನಲ್ಲಿ ರಾಗಿ ಬೀಸುವಾಗ ನಾನು ಎದುರು ಕೂತು ಕಥೆ ಕಟ್ಟುತ್ತಿದ್ದೆ, ಅವಳು ಹೂಂಗುಟ್ಟುತ್ತಿದ್ದಳು. ಕೇಳುವವರು ಹೂಂ ಅನ್ನದಿದ್ದರೆ ಹೇಳುವವರು ಅಲ್ಲಿಗೇ ಬಾಯಿ ಮುಚ್ಚಬೇಕು. ನಮ್ಮ ಕಡೆ ಅದು ಕಟ್ಟಳೆ. ರಾಕ್ಷಸ ಸುಳ್ಳೆನಿಸಿದರೆ ಅವಳ ಹೂಂ ಮೂಗಿನಿಂದ ಬರುತ್ತಿತ್ತು. ತಕ್ಷಣ ನಾನು ರಾಕ್ಷಸನನ್ನು ಕೊಂದುಬಿಡುತ್ತಿದ್ದೆ. ಅವಳಿಗಿಂತ ದೊಡ್ಡ ವಿಮರ್ಶಕರು ಉಂಟೇ?

ಆಮೇಲೆ ಅಕ್ಕನನ್ನು ಗೊಟ್ಟಿಗೆರೆಗೆ ಕೊಟ್ಟೆವು. ನಾನು ಇಲ್ಲಿ ಬಾಡಿಗೆ ಕೋಣೆ ಹಿಡಿದೆ. ಸಕಲ ಸೌಕರ್ಯವಿರುವ ಕೋಣೆ: ಒಂದು ಕಿಟಕಿ, ಒಂದು ಲೋಟ. ಗೋಡೆಗಳು ಹೂಂ ಅನ್ನುವುದಿಲ್ಲ. ಪ್ರಯತ್ನಿಸಿ ನೋಡಿದ್ದೇನೆ.

ಈ ಕಥೆ ಹೊಳೆದಾಗ ಗೊಟ್ಟಿಗೆರೆಗೆ ಓಡಿದೆ. ಅಲ್ಲಿ ಈಗ ರಾಗಿ ಮಿಷನ್ನಿಗೆ ಹೋಗುತ್ತದೆ, ಕಲ್ಲು ಮೂಲೆಯಲ್ಲಿದೆ. ಅಕ್ಕ ಗೋಡೆಗೊರಗಿ ನಿಂತು ಪಿಸುದನಿಯಲ್ಲಿ ಹೂಂಗುಟ್ಟಿದಳು. ನನ್ನ ಕಥೆಯ ಹೆಂಗಸು ನಕ್ಷತ್ರದ ಹತ್ತಿರಕ್ಕೆ ಬಂದಳು. ಅಷ್ಟರಲ್ಲಿ ನಡುಮನೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಅಕ್ಕನ ಅತ್ತೆ ಮಂಗಮ್ಮನವರು ಕತ್ತೆತ್ತಿದರು.

“ಸೊಸೆ ಕತೆ ಕೇಳ್ತಾ ನಿಂತ್ರೆ ಒಲೆ ತಾನೇ ಉರೀತದಾ?”

ಹೂಂ ನಿಂತಿತು. “ಉಂಡ್ಕೊಂಡು ಹೋಗು ಸೀನು, ಬಸ್ ತಪ್ಪೋಯ್ತದೆ” ಅಂದಳು ಅಕ್ಕ.

ಆದ್ದರಿಂದ ಸಭಿಕರೇ, ಪುಸ್ತಕದ ಕೊನೆಯ ಪುಟಗಳು ಖಾಲಿ ಇವೆ. ಗುರುಬಸಪ್ಪನವರ ಪ್ರೆಸ್ಸನ್ನು ದಯವಿಟ್ಟು ಬಯ್ಯಬೇಡಿ. ಹೂಂ ನಿಂತಲ್ಲಿ ಕಲ್ಲು ನಿಂತಿದೆ. ಆ ಹೆಂಗಸು ಇನ್ನೂ ಅಲ್ಲೇ, ಕತ್ತಲಲ್ಲಿ, ಒಬ್ಬಳೇ ಕೂತಿದ್ದಾಳೆ.

ಅಕ್ಕನಿಗೆ ಓದು ಬಾರದು. ಅದಕ್ಕೇ ಇವತ್ತು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಿಡಿದಿಟ್ಟಿದ್ದೆ. ಅವಳು ಬಂದರೆ ಉಳಿದ ಕಥೆಯನ್ನು ಈ ಮೈಕಿನಲ್ಲೇ ಹೇಳಿ ಮುಗಿಸುವುದೆಂದು. ಅವಳು ಬಂದಿಲ್ಲ. ಹಸಿ ಬಾಣಂತಿ. ತವರಿನಲ್ಲಿ ಬಾಣಂತನ ಮಾಡುವವರಿಲ್ಲದೆ ಅತ್ತೆಯ ಮನೆಯಲ್ಲೇ ಇದ್ದಾಳೆ. ಆ ಕುರ್ಚಿಯಲ್ಲಿ ಮಂಗಮ್ಮನವರು ಕೂತಿದ್ದಾರೆ. ಸೀನುವಿನ ಕಡೆಯಿಂದ ಒಬ್ಬರಾದರೂ ಇರಲಿ ಎಂದು ಬಂದರಂತೆ.

ಸರಿ. ಬೇರೆ ದಾರಿ ಕಾಣದೆ ನಿಮ್ಮನ್ನೇ ಪರೀಕ್ಷಿಸುತ್ತೇನೆ. ಕೇಳಿ: ರೋಹಿಣಿ ಕೈಗೆಟುಕುವಷ್ಟು ಹತ್ತಿರವಿತ್ತು. ಹೆಂಗಸು ವೈರ್‌ಲೆಸ್ಸಿಗೆ ಬಾಯಿಟ್ಟು, ಯಾರಾದರೂ ಇದ್ದೀರಾ ಎಂದಳು.

ಚಪ್ಪಾಳೆ. ಸಂತೋಷ. ಆದರೆ ಚಪ್ಪಾಳೆಗೆ ಈ ಕಲ್ಲು ಅಲುಗುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ಯಾರಾದರೂ ಇದ್ದೀರಾ ಎಂದಳು.

…

ಮಂಗಮ್ಮನವರೇ, ಈಗ ಹೂಂ ಅಂದದ್ದು ನೀವೇ? ಬಾಯ್ತುಂಬ ಎಲೆಅಡಿಕೆ ಇದ್ದರೂ ಇಲ್ಲಿಯವರೆಗೂ ಕೇಳಿಸಿತು.

ಅತ್ತೆ, ಮುಂದಿನದನ್ನ ಇಲ್ಲಿ ಹೇಳಲ್ಲ. ನಿಮ್ ಜೊತೆನೇ ಗೊಟ್ಟಿಗೆರೆಗೆ ಬರ್ತೀನಿ. ಹೂಂ ಅನ್ನೋಕೆ ಮುಂಚೆ ಅಕ್ಕ ನಿಮ್ ಮುಖ ನೋಡ್ತಾಳೆ. ಆಗ ನೀವೇ ಮೊದ್ಲು ಒಂದ್ಸಲ ಹೂಂ ಅಂದ್ಬಿಡಿ. ಒಲೆ ನಾನು ನೋಡ್ಕೊತೀನಿ.

ಸಭಿಕರೇ, ಕ್ಷಮಿಸಿ. ನನ್ನ ಪಾಲಿನ ಉಪ್ಪಿಟ್ಟನ್ನು ಅಧ್ಯಕ್ಷರಿಗೆ ಅರ್ಪಿಸಿದ್ದೇನೆ. ಚಪ್ಪಾಳೆ ತಟ್ಟಿದವರಿಗೂ ಹೂಂ ಅಂದ ಒಬ್ಬರಿಗೂ ಋಣಿ. ಆ ಹೆಂಗಸು ಇಷ್ಟು ದಿನ ಕಾದಿದ್ದಾಳೆ, ಬಸ್ಸು ಕಾಯುವುದಿಲ್ಲ.

ನಮಸ್ಕಾರ.