ನಿಂತೇ ಬಿಡ್ತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದ ಮುಖ್ಯ ಅತಿಥಿಗಳೇ, ಈ ಪ್ರಯೋಗಾಲಯದಲ್ಲಿ ನನ್ನ ಜೊತೆ ಈರುಳ್ಳಿ ವಾಸನೆ ಸಹಿಸಿಕೊಂಡ ಸಹೋದ್ಯೋಗಿಗಳೇ, ಊಟಕ್ಕೆ ಮುಂಚೆ ಭಾಷಣ ಕೇಳಲೇಬೇಕಾದ ಕರ್ಮಕ್ಕೆ ಸಿಕ್ಕಿಬಿದ್ದಿರುವ ಸಭಿಕರೇ,

ನಿವೃತ್ತಿಯ ದಿನ ಹೊಗಳಿದವರಿಗೆ ಎದುರಾಡುವುದು ಸಭ್ಯತೆಯಲ್ಲ. ಆದರೂ ಸನ್ಮಾನಪತ್ರದಲ್ಲಿ ಒಂದು ತಪ್ಪಿದೆ. "ಈರುಳ್ಳಿ ಸಿಪ್ಪೆಯ ಸತ್ವದಿಂದ ಪ್ರಾಸ್ಟೇಟ್ ಕ್ಯಾನ್ಸರನ್ನು ನಿಲ್ಲಿಸಿದ ತಂಡದ ಹಿರಿಯ ಸಹಾಯಕಿ" ಎಂದು ಓದಿದಿರಿ. ನಿಲ್ಲಿಸಲಿಲ್ಲ, ಸ್ವಾಮಿ. ನಿಧಾನ ಮಾಡಿದೆವು. ಅದೂ ಗಾಜಿನ ತಟ್ಟೆಯಲ್ಲಿ. ಎರಡು ದಿನಕ್ಕೆ ಇಮ್ಮಡಿಯಾಗುತ್ತಿದ್ದ ಕೋಶಗಳು ಮೂರು ದಿನ ತೆಗೆದುಕೊಂಡವು, ಅಷ್ಟೇ. ಮನುಷ್ಯನ ಮೈಯೊಳಗೆ ಏನಾಗುತ್ತದೆ? ನಮಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನಿಲ್ಲುವುದಕ್ಕೂ ನಿಧಾನವಾಗುವುದಕ್ಕೂ ಇರುವ ವ್ಯತ್ಯಾಸ, ನನಗೆ ಗೊತ್ತಿರುವಷ್ಟು ಈ ಸಭೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಾರದು.

ನನ್ನ ಅಣ್ಣ ಟೈಲರ್. ಅಪ್ಪ ಹೋದಾಗ ನನಗೆ ಒಂಬತ್ತು, ಅವನಿಗೆ ಹದಿನೇಳು. ನನ್ನನ್ನು ಓದಿಸಿದವನು ಅವನೇ. ಮೊದಲ ದಿನ ಇಲ್ಲಿಗೆ ತೊಟ್ಟುಕೊಂಡು ಬಂದ ಬಿಳಿ ಕೋಟು ಅವನು ಹೊಲಿದದ್ದು. ತೋಳು ಎರಡು ಬೆರಳು ಉದ್ದ. "ಅಳತೆ ತಪ್ಪಿದೆಯಲ್ಲೋ" ಅಂದರೆ, "ತಪ್ಪಿಲ್ಲ ಕಣೇ, ನೀನಿನ್ನೂ ಬೆಳೀತೀಯ" ಅಂದ. ನನಗಾಗ ಇಪ್ಪತ್ತೊಂಬತ್ತು!

ಕೋಶಗಳು ನಿಧಾನವಾದ ದಿನ ಮೊದಲು ಫೋನ್ ಮಾಡಿದ್ದು ಅವನಿಗೆ. ಮೂರು ಸಲ ಎಣಿಸಿದ್ದೆ. "ಅಣ್ಣಾ, ನಿಂತೇ ಬಿಡ್ತು ಕಣೋ!" ಅಂದೆ. ಖುಷಿಗೆ ಬಾಯಿಗೆ ಬಂದ ಮಾತು. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಸರಿಯಾಗಿಯೇ ಬರೆದಿದ್ದೆ. ಮೂವತ್ತೊಂದು ವರ್ಷದ ನನ್ನ ಪುಸ್ತಕಗಳಲ್ಲಿ ಒಂದು ತಪ್ಪು ಹುಡುಕಿ ನೋಡೋಣ! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಹಾಗೆ ಹೋದದ್ದು ಫೋನಿನಲ್ಲಿ.

ವರ್ಷ ಕಳೆಯಿತು. ಅವನಿಗೆ ಅದೇ ಕಾಯಿಲೆ ಬಂತು. ಈಗಲೇ ಚಿಕಿತ್ಸೆ ಶುರುವಾದರೆ ಬಹಳ ವರ್ಷ ಹಿಡಿದಿಡಬಹುದು ಎಂದು ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟರಂತೆ. ಅವನು ಆ ಚೀಟಿಯನ್ನು ಮಡಚಿ ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದ. ಯಾರಿಗೂ ಹೇಳಲಿಲ್ಲ. ಹದಿನಾಲ್ಕು ತಿಂಗಳು ಈರುಳ್ಳಿ ಸಿಪ್ಪೆ ಕುದಿಸಿ ಕುಡಿದ. ನಾನು ಹೋದಾಗಲೆಲ್ಲ ಅಂಗಡಿ ತುಂಬ ಅದೇ ವಾಸನೆ. "ಏನೋ ಇದು, ನನ್ನ ಲ್ಯಾಬು ಇಲ್ಲಿಗೂ ಬಂತಾ?" ಎಂದು ನಕ್ಕೆ. ಸಭಿಕರೇ, ನಾನು ನಕ್ಕೆ. ಅವನೂ ನಕ್ಕ.

ಬೆನ್ನುನೋವಿನಿಂದ ಯಂತ್ರದ ಮುಂದೆ ಕೂರಲಾಗದೆ ಹೋದಾಗ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಮೂಳೆಗೆಲ್ಲ ಹಬ್ಬಿಬಿಟ್ಟಿತ್ತು. "ಅಯ್ಯೋ ಪಾಪಿ, ನನಗ್ಯಾಕೋ ಹೇಳಲಿಲ್ಲ?" ಎಂದು ಕಿರುಚಿದೆ.

"ಹೇಳೋದೇನೇ? ನಿಂತೇ ಬಿಡ್ತು ಅಂತ ನೀನೇ ಹೇಳಿದ್ದೆಯಲ್ಲ. ಪೂರ್ತಿ ವಾಸಿಯಾದ ಮೇಲೆ ಹೇಳೋಣ, ನಿನಗೂ ಖುಷಿಯಾಗುತ್ತೆ ಅಂತಿದ್ದೆ."

ನನ್ನ ಮಾತನ್ನು ಅವನು ಅಳತೆಯ ಟೇಪಿನಂತೆ ನಂಬಿದ್ದ. ಈಗ ಡಾಕ್ಟರು ಇನ್ನು ಕೆಲವೇ ವಾರ ಅನ್ನುತ್ತಿದ್ದಾರೆ. ನಿಜ ಹೇಳಿಬಿಡಬೇಕೆಂದು ಹತ್ತು ದಿನ ಅವನ ಹಾಸಿಗೆಯ ಪಕ್ಕ ಕೂತೆ. ಬಾಯಿ ಬರಲಿಲ್ಲ. ಅವನ ಗುರುತೇ ಇಲ್ಲದ ನಿಮ್ಮೆದುರು ಬಂತು, ನೋಡಿ.

ಇವತ್ತು ಬೆಳಿಗ್ಗೆ ಕೇಳಿದ, "ಸಿಪ್ಪೆ ನೀರು ತಂದ್ಯಾ?" ತಂದಿದ್ದೆ. ನಾನೇ ಕುದಿಸಿದ್ದೆ. ಲೋಟ ಹಿಡಿಯಲಾರ, ಚಮಚದಲ್ಲಿ ಕುಡಿಸಿದೆ. ಕುಡಿದು ಕೇಳಿದ, "ನಿಂತಿದೆಯೇನೇ?"

"ನಿಂತಿದೆ ಕಣೋ ಅಣ್ಣ" ಅಂದೆ.

ಆದ್ದರಿಂದ ಅಧ್ಯಕ್ಷರಲ್ಲಿ ಒಂದು ಬಿನ್ನಹ. ಆ ಸನ್ಮಾನಪತ್ರವನ್ನು ತಿದ್ದಬೇಡಿ. ಹೇಗಿದೆಯೋ ಹಾಗೇ ಕೊಡಿ. ಅವನಿಗೆ ಓದಿ ಹೇಳಬೇಕು. ಇಷ್ಟು ಹೊತ್ತು ಕೇಳಿದ ತಮಗೆಲ್ಲ ಧನ್ಯವಾದ. ಊಟಕ್ಕೆ ನಿಲ್ಲಲಾರೆ, ಕ್ಷಮಿಸಿ. ಅವನಿಗೆ ಮಧ್ಯಾಹ್ನದ ಲೋಟ ಕೊಡುವ ಹೊತ್ತಾಯಿತು. ನಮಸ್ಕಾರ.