ಕೆರೆಯುವ ಪ್ಯಾಂಟು

ಜರ್ಮನಿಯ ಗ್ಯೋರ್ಲಿಟ್ಸ್ ಊರಿನ ಟ್ರಾಮಿನಲ್ಲಿ ಎದುರು ಸೀಟಿನ ಇಬ್ಬರ ಮಾತು ವೀಬ್ಕೆಯ ಕಿವಿಗೆ ಬಿತ್ತು. ಕಪ್ಪು ಬಟ್ಟೆಯ ಹೆಂಗಸಿನ ಮಡಿಲಲ್ಲಿ ದಪ್ಪ ಉಣ್ಣೆಯ ಬೂದು ಪ್ಯಾಂಟು ಇತ್ತು. ಮೊದಲ ಮಹಾಯುದ್ಧದ ಸಿಪಾಯಿಗಳು ತೊಡುತ್ತಿದ್ದುದರ ಹೊಸ ನಕಲು. ಪಕ್ಕದಲ್ಲಿ ಕೂತಿದ್ದ ಮೈದುನ ಅದನ್ನು ಮುಟ್ಟಿ ಹೇಳಿದ:

“ಅತ್ತಿಗೆ, ಅಣ್ಣನಿಗೆ ಇದನ್ನೇ ಹಾಕಿ ಮಣ್ಣು ಮಾಡೋಣ. ಗೆಳೆಯರ ಜೊತೆ ಹಳೇ ಯುದ್ಧ ಆಡಿ ತೋರಿಸೋ ಆಟಕ್ಕೆ ಇದನ್ನೇ ತಾನೆ ಹಾಕ್ಕೊಂಡು ಹೋಗ್ತಿದ್ದ?”

“ಹೋಗಿ ಪ್ರತಿ ಸಲ ಸೋತು ಬರ್ತಿದ್ರು. ಮಗಳ ಮದುವೆಗೆ ಹೊಲಿಸಿದ ಸೂಟು ಇದೆ, ಸಾಕು.”

“ಅದರ ಗುಂಡಿ ಹತ್ತಲ್ಲ.”

“ಹೆಣಕ್ಕೆ ಬಟ್ಟೆ ತೊಡಿಸೋರು ಹಿಂದೆ ಕತ್ತರಿಸ್ತಾರಂತೆ. ಯಾರಿಗೂ ಕಾಣಲ್ಲ.”

“ಇದನ್ನೇ ಹಾಕಿ ಕಳಿಸಿ ಅಂತ ಅವನೇ ಬಾಯಿಬಿಟ್ಟು ಕೇಳಿದ್ದ, ಅತ್ತಿಗೆ.”

“ಕಾಲೆಲ್ಲ ಕೆರೆಯುತ್ತೆ, ಒಳಗೆ ಲೈನಿಂಗ್ ಹಾಕಿಕೊಡು ಅಂತ ನನ್ನನ್ನೂ ಕೇಳ್ತಾನೇ ಇದ್ರು. ನಾನು ಹಾಕಲೇ ಇಲ್ಲ.”

“ಇನ್ನು ಕೆರೆಯಲ್ಲ ಬಿಡಿ.”

ಹೆಂಗಸು ಪ್ಯಾಂಟಿನ ಒಳಗೆ ಕೈಯಾಡಿಸಿ ನೋಡಿದಳು. ಟ್ರಾಮು ನಿಂತಿತು.

“ಏಳು ಡೀಟ್ಮರ್, ಇಲ್ಲೇ ಇಳಿಯೋಣ. ಮೊದಲು ಬಟ್ಟೆ ಅಂಗಡಿಗೆ ಹೋಗ್ಬೇಕು. ಮೆತ್ತಗಿರೋ ಹತ್ತಿ ಬಟ್ಟೆ ಬೇಕು.”